ಎಬಿಎಸ್ ಮೊದಲು ತಂದಿದ್ದು ಯಾರು?

ಪುಣೆಯ ನಮ್ಮ ಕನ್ನಡ ಗೆಳೆಯರ ನಡುವೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಗ್ಗೆ ಮತ್ತೆ ಅದೇ ವಾದ. "ಎಬಿಎಸ್ ಕಂಡುಹಿಡಿದಿದ್ದೇ ಮರ್ಸಿಡಿಸ್, ಅದಕ್ಕೇ ಅದು ಲಕ್ಸುರಿ, ಉಳಿದವರದ್ದೆಲ್ಲ ಕಾಪಿ" ಅಂತ ಒಬ್ಬರು ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನಂತೂ ಒಪ್ಪುವುದಿಲ್ಲ.

1966ರಲ್ಲೇ ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್ ಕಾರಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ಇತ್ತು. ಡನ್ಲಪ್ ಕಂಪನಿ ವಿಮಾನಗಳಿಗೆ ಅಂತ ಮಾಡಿದ್ದ ಮ್ಯಾಕ್ಸಾರೆಟ್ ಅದು, ಪೂರ್ತಿ ಮೆಕ್ಯಾನಿಕಲ್. 1971ರಲ್ಲಿ ಅಮೆರಿಕದ ಕ್ರೈಸ್ಲರ್ ತನ್ನ ಇಂಪೀರಿಯಲ್ ಕಾರಿನ ನಾಲ್ಕೂ ಚಕ್ರಕ್ಕೆ ಎಲೆಕ್ಟ್ರಾನಿಕ್ ಎಬಿಎಸ್ ಕೊಟ್ಟಿತು, ಮಾಡಿಕೊಟ್ಟಿದ್ದು ಬಿಡಿಭಾಗ ತಯಾರಿಸುವ ಬೆಂಡಿಕ್ಸ್ ಕಂಪನಿ. 1978ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸಿಗೆ ಬಂದಿದ್ದು ಬಾಷ್ ಕಂಪನಿ ಜೊತೆ ಸೇರಿ ಮಾಡಿದ ಡಿಜಿಟಲ್ ಎಬಿಎಸ್. ಅದು ನಿಜಕ್ಕೂ ದೊಡ್ಡ ಕೆಲಸ, ಇವತ್ತು ನಾವು ಓಡಿಸುವ ಕಾರುಗಳ ಎಬಿಎಸ್ ಆ ದಾರಿಯಲ್ಲೇ ಬೆಳೆದಿದ್ದು. ಆದರೆ "ಡಿಜಿಟಲ್" ಅನ್ನುವುದನ್ನು ಬಿಟ್ಟು ಸುಮ್ನೆ "ಮೊದಲು" ಅಂದರೆ ಹಿಂದಿನವರ ದುಡಿಮೆಯನ್ನೇ ಅಳಿಸಿದ ಹಾಗಲ್ವಾ? ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ಡ್ರೈವ್ ರಸ್ತೆ ಕಾರಿಗೆ ಮೊದಲು ತಂದಿದ್ದು ಆಡಿ ಕ್ವಾಟ್ರೊ ಅನ್ನುವುದೂ ಹೀಗೇ. ಅದು 1980ರದ್ದು. ರಸ್ತೆ ಕಾರಿಗೆ ನಾಲ್ಕು ಚಕ್ರದ ಡ್ರೈವ್ ಕೊಟ್ಟು ಮಾರಿದ್ದು ಅದೇ ಜೆನ್ಸನ್, 14 ವರ್ಷ ಮೊದಲೇ. ಏರ್‌ಬ್ಯಾಗ್ ಕೂಡ ಜನರಲ್ ಮೋಟರ್ಸ್ 1970ರ ದಶಕದಲ್ಲೇ ಮಾರಿತ್ತು.

ಪುಣೆ ಹತ್ತಿರದ ಚಾಕಣ, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಬ್ರೇಕು, ಸೆನ್ಸರು, ಸೀಟು ಎಲ್ಲಾ ಬಿಡಿಭಾಗ ಮಾಡಿಕೊಡುವ ವೆಂಡರ್‌ಗಳಿಂದ ಬರುತ್ತದೆ, ಶೋರೂಮಿನಲ್ಲಿ ಮಾತ್ರ ಬಾನೆಟ್ ಮೇಲಿನ ಹೆಸರಿಗೇ ಪೂರ್ತಿ ಗೌರವ. ಡನ್ಲಪ್, ಬೆಂಡಿಕ್ಸ್, ಬಾಷ್ ಎಂಜಿನಿಯರುಗಳ ಹೆಸರು ಯಾರಿಗೆ ಗೊತ್ತು?

ಇನ್ನು ಲಕ್ಸುರಿ. 1995ರಲ್ಲಿ ಇದೇ ಪುಣೆಯ ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಕಾರ್ಖಾನೆಯಲ್ಲಿ ಮರ್ಸಿಡಿಸ್ ಇ-ಕ್ಲಾಸ್ ಜೋಡಿಸಲು ಶುರು ಮಾಡಿದಾಗ ಅದು ಇಲ್ಲಿ ಸಾಹೇಬರ ಕಾರು. ಜರ್ಮನಿಯಲ್ಲಿ ಅದೇ ಕಾರು ಟ್ಯಾಕ್ಸಿಯಾಗಿ ಓಡುತ್ತಿತ್ತು. ನಮ್ಮ ಜಿಎಸ್‌ಟಿ ಕೂಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಉದ್ದ ಮತ್ತು ಎಂಜಿನ್ ನೋಡುತ್ತದೆ, ಬ್ಯಾಡ್ಜ್ ನೋಡುವುದಿಲ್ಲ. ಲಕ್ಸುರಿ ಅನ್ನುವುದು ಬೆಲೆ ಮತ್ತು ಊರು ಸೇರಿ ಕೊಡುವ ಪಟ್ಟ, ಅದನ್ನು ಎಂಜಿನಿಯರಿಂಗಿಗೆ ಸಾಕ್ಷಿ ಅಂತ ತೋರಿಸಬೇಡಿ.

ನನಗೆ ಗೌರವ ಇರುವುದು ವೋಲ್ವೊ 1959ರಲ್ಲಿ ಮಾಡಿದ ಕೆಲಸದ ಮೇಲೆ. ಅಲ್ಲಿನ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಪಾಯಿಂಟಿನ ಸೀಟ್ ಬೆಲ್ಟಿನ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟರು. ಯಾರು ಮೊದಲು ಅನ್ನುವುದಕ್ಕಿಂತ ನನಗೆ ಜಾಸ್ತಿ ಕಾಡುವುದು ಈ ಲೆಕ್ಕ: ಎಸ್-ಕ್ಲಾಸಿಗೆ 1978ರಲ್ಲಿ ಬಂದ ಎಬಿಎಸ್ ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದ್ದು 2019ರಲ್ಲಿ. ಆ 41 ವರ್ಷ ಹೆದ್ದಾರಿಯಲ್ಲಿ ಅದಿಲ್ಲದೆ ಓಡಾಡಿದವರು ನಮ್ಮ ಅಪ್ಪ, ಅಣ್ಣಂದಿರೇ. ವಾದ ಮಾಡುವುದಿದ್ದರೆ ಇದರ ಬಗ್ಗೆ ಮಾಡೋಣ ಬನ್ನಿ.