ಚದರ ಮೀಟರಿಗೆ ಸಾವಿರ ಕುಂಡ

ಮುಂಬಯಿಯಲ್ಲಿ ಆಮ್ಲಜನಕ ಈಗ ಕುಂಡದ ಲೆಕ್ಕದಲ್ಲಿ ಸಿಗುತ್ತದೆ. ದಾದರಿನ ಫುಟ್‌ಪಾತಿನಲ್ಲಿ ಕೈಗಾಡಿಯವನು ಸ್ನೇಕ್ ಪ್ಲಾಂಟ್ ಎತ್ತಿ ಹಿಡಿದು, "ಸಾಹೇಬ್, ಇದು ರಾತ್ರಿಯೂ ಆಕ್ಸಿಜನ್ ಕೊಡುತ್ತೆ" ಅನ್ನುತ್ತಾನೆ. ಪಾಪದ ಗಿಡ ರಾತ್ರಿ ಮಾಡುವುದು ಇಂಗಾಲದ ಡೈಆಕ್ಸೈಡ್ ಹೀರಿ ಕೂಡಿಡುವ ಕೆಲಸ. ಆಮ್ಲಜನಕ ಹುಟ್ಟಬೇಕಾದರೆ ಅದಕ್ಕೂ ಬೆಳಕು ಬೇಕು. ಆದರೆ ನೈಟ್ ಡ್ಯೂಟಿ ಮಾಡುವವರ ಮೇಲೆ ಈ ಊರಿಗೆ ಮೊದಲಿನಿಂದಲೂ ಗೌರವ.

ರಾತ್ರಿ ಕೆಲಸ ಅಂದಮೇಲೆ ಮುಂಬಯಿಯ ನಡುವೆ ಕಾಡಿನಂತಿರುವ ಆರೇ ಕಾಲನಿಯದನ್ನು ಬಿಡಲಾಗುವುದಿಲ್ಲ. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಮರಗಳ ಪರವಾದ ಅರ್ಜಿಗಳನ್ನು ವಜಾ ಮಾಡಿತು. ಮೆಟ್ರೊ ರೈಲು ನಿಲ್ಲಿಸುವ ಕಾರ್‌ಶೆಡ್ಡಿಗಾಗಿ ಗರಗಸ ಅದೇ ರಾತ್ರಿ ಶುರುವಾಯಿತು. 7ರಂದು ಸುಪ್ರೀಂ ಕೋರ್ಟ್ ತಡೆ ಕೊಡುವ ಹೊತ್ತಿಗೆ 2,141 ಮರ ಉರುಳಿದ್ದವು, ಕಡಿಯಬೇಕಾದ್ದನ್ನೆಲ್ಲ ಕಡಿದಾಯಿತು ಎಂದು ಸರ್ಕಾರದ ಕಡೆಯಿಂದ ಉತ್ತರವೂ ಬಂತು. ಒಂದು ಜನನ ಪ್ರಮಾಣಪತ್ರದಲ್ಲಿ ಕಾಗುಣಿತ ತಿದ್ದಿಸಲು ವಾರ್ಡ್ ಆಫೀಸಿನ ಮೆಟ್ಟಿಲು ಸವೆಸಿದವರು ಆ ವೇಗ ನೋಡಿ ಮೂಗಿನ ಮೇಲೆ ಬೆರಳಿಟ್ಟರು.

ಹೀಗೆ ಹೊರಗಿನ ಹಸಿರು ಒಳಗೆ ವರ್ಗಾವಣೆಯಾಗಿದೆ. ಮಾತುಂಗದಿಂದ ಡೊಂಬಿವಲಿಯವರೆಗೆ ಕನ್ನಡದ ಮನೆಗಳಲ್ಲೂ ಈಗ ಮೊದಲು ಚಹಾ, ಆಮೇಲೆ ಮಕ್ಕಳ ಪರ್ಸೆಂಟೇಜು, ಕೊನೆಗೆ "ಬನ್ನಿ, ನಮ್ಮ ಪ್ಲಾಂಟ್ಸ್ ನೋಡಿ." ಯಾರನ್ನು ಕೇಳಿದರೂ ನಾಸಾದ ಹೆಸರು. ನಾಸಾ 1989ರಲ್ಲಿ ಪ್ರಯೋಗ ಮಾಡಿದ್ದು ನಿಜ. ಬಾಹ್ಯಾಕಾಶ ನಿಲ್ದಾಣದ ಗಾಳಿಯ ಚಿಂತೆಯಲ್ಲಿ, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಗಿಡವಿಟ್ಟು ನೋಡಿದ್ದು. ನಮ್ಮವರು ಪೆಟ್ಟಿಗೆಯ ಮಾತು ಕೇಳಿದ ಕೂಡಲೇ ಇದು ನಮ್ಮ ಫ್ಲಾಟಿನದೇ ವಿಷಯ ಅಂದುಕೊಂಡರು. ಅವರದು ತಪ್ಪು ಅನ್ನುವಂತಿಲ್ಲ.

2019ರಲ್ಲೇ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರು. ಸಾಮಾನ್ಯ ಕಟ್ಟಡದಲ್ಲಿ ಹೊರಗಿನಿಂದ ಒಳಗೆ ತಾನಾಗಿ ಓಡಾಡುವ ಗಾಳಿ ಮಾಡುವಷ್ಟು ಶುದ್ಧಿಯನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಕುಂಡ ಬೇಕಂತೆ. ನಮ್ಮಲ್ಲಿ ಕೊಳೆಗೇರಿಯವರಿಗೆ ಪುನರ್ವಸತಿಯಾಗಿ ಕೊಟ್ಟ 225 ಚದರಡಿಯ ಎಸ್‌ಆರ್‌ಎ ಮನೆಗಳಿವೆ, ಅಂದರೆ ಸುಮಾರು 21 ಚದರ ಮೀಟರ್. ಕನಿಷ್ಠ 210 ಕುಂಡ, ಉದಾರವಾಗಿ ಹೋದರೆ 21,000. ಗಂಡ, ಹೆಂಡತಿ, ಎರಡು ಮಕ್ಕಳು ಮತ್ತು ಊರಿಂದ ಬಂದ ಅತ್ತೆಯನ್ನು ಎಲ್ಲಿಡುವುದೆಂದು ಆ ಲೇಖನದಲ್ಲಿಲ್ಲ. ಅದರ ಬದಲು ಕಿಟಕಿ ತೆರೆಯಿರಿ ಅನ್ನುತ್ತದೆ ವಿಜ್ಞಾನ. ತೆರೆದರೆ ಎದುರಿನ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಧೂಳು ನೇರ ಸಾರಿನ ಪಾತ್ರೆಗೆ ಬೀಳುತ್ತದೆ.

ಕೈಯಲ್ಲಿ ಕಾಸಿಲ್ಲದವರ ಕಾಡಿನ ಶಾಸ್ತ್ರವೇ ಬೇರೆ. ಅದರ ಮೊದಲ ಸೂತ್ರ, ಮನಿ ಪ್ಲಾಂಟ್ ಕದ್ದು ತಂದರೆ ಮಾತ್ರ ಹಬ್ಬುತ್ತದೆ. ಹಣ ತರುವ ಗಿಡ ಕಳವಿನಿಂದಲೇ ಚಿಗುರುತ್ತದೆ ಅನ್ನುವಷ್ಟು ಅರ್ಥಶಾಸ್ತ್ರ ಈ ನಗರಕ್ಕೆ ಯಾರೂ ಕಲಿಸಬೇಕಿಲ್ಲ. ನವರಾತ್ರಿಯ ಅರಿಶಿನ ಕುಂಕುಮಕ್ಕೆ ಹೋದವರು ತಾಂಬೂಲ ತೆಗೆದುಕೊಳ್ಳುತ್ತ ಇನ್ನೊಂದು ಕೈಯಲ್ಲಿ ಬಾಗಿಲ ಬಳಿಯ ಬಳ್ಳಿಯನ್ನು ಗೆಣ್ಣಿನ ಕೆಳಗೇ ಚಿವುಟುತ್ತಾರೆ. ಗೆಣ್ಣಿಲ್ಲದ ತುಂಡಿಗೆ ಬೇರು ಬಿಡುವುದಿಲ್ಲ, ಅಷ್ಟು ಸಸ್ಯಶಾಸ್ತ್ರ ಎಲ್ಲರಿಗೂ ಗೊತ್ತು. ಇಡೀ ಬಿಲ್ಡಿಂಗಿನಲ್ಲಿ ಇದನ್ನು ದುಡ್ಡು ಕೊಟ್ಟು ತಂದವರು ಯಾರೆಂದು ಹುಡುಕಿದರೆ ಒಬ್ಬರೂ ಸಿಗಲಾರರು.

ಕುಂಡಕ್ಕೆ ಉಡುಪಿ ಹೋಟೆಲಿನ ಶೆಟ್ರ ಹತ್ತಿರ ಬೇಡಿದ 15 ಕಿಲೋ ಎಣ್ಣೆಯ ಡಬ್ಬ. ಗೊಬ್ಬರಕ್ಕೆ ತೊಳೆದ ಚಹಾ ಚರಟ, ಅಕ್ಕಿ ತೊಳೆದ ನೀರು. ಇಷ್ಟರವರೆಗೆ ಪುಕ್ಕಟೆ. ಮಣ್ಣಿಗೆ ಮಾತ್ರ ಕಾಸು ಬಿಚ್ಚಬೇಕು, ಯಾಕೆಂದರೆ ಮುಂಬಯಿಯಲ್ಲಿ ನೆಲಕ್ಕೆಲ್ಲ ಪೇವರ್ ಬ್ಲಾಕ್ ಹಾಕಿಯಾಗಿದೆ. ಆಗ ಬರುತ್ತದೆ ಕೊಕೊಪೀಟ್, ಇಟ್ಟಿಗೆಯ ಆಕಾರದಲ್ಲಿ, ಪ್ಲಾಸ್ಟಿಕ್ ಸುತ್ತಿಕೊಂಡು. ಕುಂದಾಪುರದ ಬಚ್ಚಲೊಲೆಯಲ್ಲಿ ಹಂಡೆ ಕಾಯಿಸಿದ ಅದೇ ತೆಂಗಿನ ಸಿಪ್ಪೆಯ ಹುಡಿ. ಊರಲ್ಲಿ ಅದರ ರಾಶಿಯಲ್ಲಿ ಹಾವಿದ್ದೀತೆಂದು ದೂರ ನಿಲ್ಲುತ್ತಿದ್ದವರು ಇಲ್ಲಿ ಅದರ ರಿವ್ಯೂ ಓದಿ ಆರ್ಡರ್ ಮಾಡುತ್ತಾರೆ.

ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರು ಪಾಲಿಗೆ ಬಂದ ಅಡಿಕೆ ತೋಟ ಮಾರಿ ಠಾಣೆಯಲ್ಲಿ ಫ್ಲಾಟ್ ಕೊಂಡರು. ಊರಿನ ನೆನಪಿಗೆಂದು ಹಾಲಿನಲ್ಲಿ ಅರೆಕಾ ಪಾಮ್ ಇಟ್ಟರು. ಅವರ ತಾಯಿ ಬಂದವರು ಕನ್ನಡಕ ಸರಿಮಾಡಿಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಲ್ಲ ಮಾರಾಯ, ಇದು ಕೊನೆ ಬಿಡೋದು ಯಾವಾಗ?" ಅಂದರು. ಅದು ಅಡಿಕೆಯ ಜಾತಿಯೇ ಅಲ್ಲ, ಮಡಗಾಸ್ಕರ್ ದ್ವೀಪದ ಬೇರೆ ತಾಳೆ. ಮಗ ಅದನ್ನು ಹೇಳುವ ಧೈರ್ಯ ಮಾಡದೆ, "ನೋಡಬೇಕಮ್ಮ, ಇಲ್ಲಿಯ ಹವೆ ಸ್ವಲ್ಪ ನಿಧಾನ" ಅಂದುಬಿಟ್ಟರು.

ಪಾಲಿಕೆಗೆ ನಮ್ಮ ಗಿಡಗಳ ಮೇಲೆ ಲಕ್ಷ್ಯವಿಲ್ಲ ಎನ್ನಬೇಡಿ. ಮಳೆಗಾಲದಲ್ಲಿ ಅದರ ಸಿಬ್ಬಂದಿ ಮನೆಮನೆಗೆ ಬಂದು ಮನಿ ಪ್ಲಾಂಟಿನ ಬಾಟಲಿಗೆ ಟಾರ್ಚ್ ಬಿಟ್ಟು, ಕುಂಡದ ತಟ್ಟೆ ಎತ್ತಿ ನೋಡುತ್ತಾರೆ. ಡೆಂಗಿ ಹರಡುವ ಏಡಿಸ್ ಸೊಳ್ಳೆಗೆ ಕೊಳಚೆ ಆಗದು, ಇಂಥ ತಿಳಿನೀರೇ ಬೇಕು. ಮರಿ ಕಂಡರೆ ನೋಟಿಸು. ನೀರಲ್ಲೇ ಬೆಳೆಸಿದರೆ ಮಣ್ಣಿನ ಖರ್ಚಿಲ್ಲ ಎಂದು ಲೆಕ್ಕ ಹಾಕಿದವರಿಗೆ ದಂಡದ ಖರ್ಚು. ನೋಟಿಸಿನ ವಿಷಯದಲ್ಲಿ ಪಾಲಿಕೆ ಭೇದ ಮಾಡುವುದಿಲ್ಲ, ಕಡಿಯಬೇಕಾದ ಮರಕ್ಕೂ ಮುಂಚಿತವಾಗಿ ಕಾಂಡದ ಮೇಲೆಯೇ ಅಂಟಿಸುತ್ತದೆ. ಆಕ್ಷೇಪಣೆ ಇದ್ದರೆ ಮರ ಬಂದು ಸಲ್ಲಿಸಬಹುದು.

ಇಷ್ಟೆಲ್ಲ ಹೇಳಿ ಬಿಲ್ಡರರ ಪುಷ್ಪಪ್ರೇಮ ಮರೆತರೆ ಪಾಪ ಬರುತ್ತದೆ. 2012ಕ್ಕೆ ಮೊದಲು ಮುಂಬಯಿಯ ಕಟ್ಟಡ ನಿಯಮದಲ್ಲಿ ಕಿಟಕಿಯಾಚೆಯ ಫ್ಲವರ್ ಬೆಡ್ ಎಫ್‌ಎಸ್‌ಐ ಲೆಕ್ಕಕ್ಕೆ, ಅಂದರೆ ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದೆಂಬ ಮಿತಿಯ ಲೆಕ್ಕಕ್ಕೆ, ಬರುತ್ತಿರಲಿಲ್ಲ. ಕೂಡಲೇ ನಗರದ ನಕ್ಷೆಗಳಲ್ಲಿ ಮಹಡಿ ಮಹಡಿಗೂ ಹೂವಿನ ಪಾತಿಗಳು ಅರಳಿದವು. ಬೃಂದಾವನವೇ ನಾಚಬೇಕು. ಕೊಂಡವರು ಮಧ್ಯದ ಗೋಡೆ ಒಡೆದು ಪಾತಿಯನ್ನು ಕೋಣೆಗೆ ಸೇರಿಸಿದರು. ಕಾಗದದ ಪ್ರಕಾರ ಸೇವಂತಿಗೆ ಇರಬೇಕಾದ ಜಾಗದಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ವಾಷಿಂಗ್ ಮಶೀನ್ ತಿರುಗುತ್ತಿದೆ.

ಕುಂಡ ಕಾರಿಡಾರಿನಲ್ಲಿಟ್ಟರೆ ಬೆಂಕಿ ಬಿದ್ದಾಗ ಓಡಲು ಅಡ್ಡಿ, ಕಿಟಕಿಯ ಗ್ರಿಲ್ಲಿನಲ್ಲಿಟ್ಟರೆ ಕೆಳಗಿನವರ ಒಣಗಿದ ಬಟ್ಟೆಗೆ ನೀರು, ಟೆರೇಸಿನಲ್ಲಿಟ್ಟರೆ ಲೀಕೇಜ್: ಸೊಸೈಟಿಗಳ ಈ ಸರ್ಕ್ಯುಲರ್ ಎಲ್ಲರಿಗೂ ಬಾಯಿಪಾಠ. ನಮ್ಮ ಸೊಸೈಟಿಯೂ ಈಗ ರೀಡೆವಲಪ್‌ಮೆಂಟಿಗೆ ಹೊರಟಿದೆ. ಅಂಗಳದ ಮಾವು, ನೇರಳೆ, ಎರಡು ತೆಂಗು ಹೋಗಬೇಕು. ಬದಲಿಗೆ ಪ್ರತಿ ಫ್ಲಾಟಿಗೂ ಒಂದೊಂದು ಜೇಡ್ ಗಿಡ, ಸೆರಾಮಿಕ್ ಕುಂಡ ಸಮೇತ, ಬಿಲ್ಡರರ ವತಿಯಿಂದ. ಮರಗಳ ವಿಷಯ ಜನರಲ್ ಬಾಡಿಯಲ್ಲಿ ಒಂದೇ ನಿಮಿಷದಲ್ಲಿ ಪಾಸಾಯಿತು. ಕುಂಡ ಕೂರುವ ಜಾಗವನ್ನು ಕಾರ್ಪೆಟ್ ಏರಿಯಾದಲ್ಲಿ ಹಿಡಿಯುತ್ತಾರೋ, ಹೊರಗಿಡುತ್ತಾರೋ ಎಂದು ಮೂರನೇ ಮಾಳಿಗೆಯ ರಾಯರು ಎದ್ದರು ನೋಡಿ, ಸಭೆ ರಾತ್ರಿ ಹನ್ನೊಂದಾದರೂ ಮುಗಿಯದೆ ಮುಂದಿನ ಭಾನುವಾರಕ್ಕೆ ಹೋಯಿತು.