ಕೃಪೆ ಜಾಸ್ತಿ ಆಯ್ತು ಅನ್ನೋದು ಹಳೇ ಭಯ

ಬರೀ ಕೃಪೆಯ ಬಗ್ಗೆ, ಅಂದರೆ ನಮ್ಮ ಯೋಗ್ಯತೆ ನೋಡದೆ ದೇವರು ತೋರಿಸುವ ದಯೆಯ ಬಗ್ಗೆ, ಹೇಳುತ್ತಾ ಹೋದರೆ ಜನ ಪಾಪಕ್ಕೆ ಹೆದರುವುದನ್ನೇ ಬಿಡುತ್ತಾರೆ ಎಂದಿದ್ದೀರಿ. ಒಪ್ಪಲ್ಲ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನೂ ಇದೇ ಆಕ್ಷೇಪ ಎದುರಿಸಿದ್ದ ಅಲ್ವಾ? ಬೈಬಲಿನಲ್ಲಿ ಅವನು ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಶುರುವಾಗುವುದೇ ಅದರಿಂದ, ಆದರೂ ಅವನು ಕೃಪೆಯನ್ನು ಚೂರೂ ಕಡಿಮೆ ಮಾಡಿ ಹೇಳಲಿಲ್ಲ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಏನು ಮಾಡಿದ ನೋಡಿ: ಅನ್ಯಜನರ, ಅಂದರೆ ಯೆಹೂದ್ಯರು ಜೊತೆ ಕೂತು ಉಣ್ಣದ ಹೊರಗಿನವರ, ಜೊತೆ ಆರಾಮಾಗಿ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದ ಕೂಡಲೇ ಮೆಲ್ಲಗೆ ಹಿಂದೆ ಸರಿದ. ಅಂಥ ಅಪೊಸ್ತಲನನ್ನೇ ಕಟ್ಟಿಹಾಕಿದ್ದು ಭಯ, ಕೃಪೆಯಲ್ಲ. ನನಗೂ ಒಂದು ಕಾಲದಲ್ಲಿ ಬೆಳಗಿನ ಪ್ರಾರ್ಥನೆ ತಪ್ಪಿದರೆ ಸಾಕು, ದೇವರು ಮುಖ ತಿರುಗಿಸಿಬಿಟ್ಟ ಅಂತ ಇಡೀ ದಿನ ಕಳವಳ. ಅದರಿಂದ ನನ್ನ ಸಿಟ್ಟೇನೂ ಕಮ್ಮಿ ಆಗಲಿಲ್ಲ, ಬೇಕಾದ್ರೆ ಮನೆಯವರನ್ನೇ ಕೇಳಿ! ಸ್ವಾತಂತ್ರ್ಯವನ್ನು ದುರುಪಯೋಗ ಮಾಡುವವರ ಚಿಂತೆ ನಿಮಗಿದ್ದರೆ ಪೌಲನ ಇನ್ನೊಂದು ಪತ್ರ ಗಲಾತ್ಯ 5:13 ಓದಿ, ಅಲ್ಲಿರೋದು ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಅಂತ, ಹೆದರಿಕೊಂಡಿರಿ ಅಂತಲ್ಲ.