ಒಂದು ಎಲೆ, ಎರಡು ಮೈಸೂರು ಪಾಕ್

ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ವಾಕ್ ಮಾಡುವವರಲ್ಲಿ ಅರ್ಧ ಜನ ಡಾಕ್ಟರು, ಇನ್ನರ್ಧ ಪೇಷಂಟು. ಎರಡನೇ ಸುತ್ತಿಗೆ ಅದಲು ಬದಲು. ಗೇಟಿನ ಹತ್ತಿರ ಜ್ಯೂಸ್ ಗಾಡಿ. ಸ್ಟೀಲ್ ಡಬ್ಬಿಗಳಲ್ಲಿ ಬೂದುಗುಂಬಳ, ಹಾಗಲಕಾಯಿ, ಬಾಳೆದಿಂಡು, ಗರಿಕೆ. ಯಾವ ಡಬ್ಬಿ ಯಾವ ಕಾಯಿಲೆಗೆ ಅಂತ ಬೋರ್ಡೂ ಇದೆ.

ಈ ಸೀಸನ್ನಿನ ಹೀರೋ ಮಾತ್ರ ಇನ್ಸುಲಿನ್ ಗಿಡ. ನಮ್ಮ ಬೀದಿಯಲ್ಲಿ ತುಳಸಿ ಇಲ್ಲದ ಮನೆ ಸಿಕ್ಕೀತು, ಈ ಕುಂಡ ಇಲ್ಲದ ಮನೆ ಸಿಗಲ್ಲ. ದಿನಕ್ಕೊಂದು ಎಲೆ ಅಗಿದರೆ ಶುಗರ್ ಓಡಿಹೋಗುತ್ತದಂತೆ. ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಅದು ಪ್ರೋಟೀನು. ಹೊಟ್ಟೆಗೆ ಹೋದರೆ ತೊಗರಿಬೇಳೆ ಹಾಗೆ ಅರಗಿಬಿಡುತ್ತದೆ. ಅದಕ್ಕೇ ಅಲ್ವಾ ಸೂಜಿ ಚುಚ್ಚೋದು? ಇಲಿಗಳ ಮೇಲೆ ಈ ಎಲೆಯ ಪರೀಕ್ಷೆ ಆಗಿರುವುದು ನಿಜ. ಆದರೆ ಆ ಇಲಿಗಳು ನಮ್ಮ ರಿಟೈರ್ಡ್ ಮೇಷ್ಟ್ರ ಹಾಗೆ ಎಲೆ ಅಗಿದ ಧೈರ್ಯದಲ್ಲಿ ಎರಡು ಮೈಸೂರು ಪಾಕ್ ಇಳಿಸಿರಲಿಕ್ಕಿಲ್ಲ. ಬೆರಳಿಗಂಟಿದ ತುಪ್ಪ ನೆಕ್ಕುತ್ತಾ ಮೇಷ್ಟ್ರು ಹೇಳುತ್ತಾರೆ: "ಎಲೆ ನೋಡ್ಕೊಳ್ಳುತ್ತೆ ಬಿಡ್ರೀ."

ಇವರಿಗೆ ಯುರೋಪಿನ ಕತೆ ಹೇಳಿದೆ. ಅಲ್ಲಿ ಶತಮಾನಗಟ್ಟಲೆ ಈಜಿಪ್ಟಿನ ಮಮ್ಮಿಗಳನ್ನು ಪುಡಿ ಮಾಡಿ ಔಷಧಿ ಅಂತ ನುಂಗಿದರು. ಹಳೇ ಹೆಣಗಳಿಗೆ ಬೇಡಿಕೆ ಜಾಸ್ತಿಯಾದಾಗ ವ್ಯಾಪಾರಿಗಳು ಹೊಸ ಹೆಣ ಒಣಗಿಸಿ ಮಾರಿದರು. ಕಲಬೆರಕೆ ಎಲ್ಲಿಲ್ಲ ಹೇಳಿ! ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ 1685ರಲ್ಲಿ ಕೊನೆಗಾಲದಲ್ಲಿ ಮನುಷ್ಯರ ತಲೆಬುರುಡೆಯಿಂದ ತೆಗೆದ ದ್ರವ ಕುಡಿಸಿದರು. ದೊರೆ ಉಳಿಯಲಿಲ್ಲ. ಘೇಂಡಾಮೃಗದ ಕೊಂಬಿಗೆ ಇವತ್ತಿಗೂ ಗಿರಾಕಿ ಇದ್ದಾರೆ. ಅದರಲ್ಲಿರುವುದು ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ.

"ಥೂ, ಎಂಥಾ ಮೂಢರು!" ಎಂದ ಮೇಷ್ಟ್ರು ಇನ್ನೊಂದು ಲೋಟ ಗರಿಕೆ ರಸ ಕೇಳಿದರು.

ಹಾಗಂತ ಗಿಡಮೂಲಿಕೆ ಎಲ್ಲಾ ಬುರುಡೆ ಅಂತಲ್ಲ. ಚೀನಾದ ವಿಜ್ಞಾನಿ ತು ಯುಯು 4ನೇ ಶತಮಾನದ ಪುಸ್ತಕದಲ್ಲಿ ಜ್ವರದ ಗಿಡವೊಂದನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಅಂತ ಓದಿದರು. ಹಾಗಿದ್ದರೆ ಕಾಯಿಸಿದರೆ ಗುಣ ಕೆಡುತ್ತದೇನೋ ಎಂದು ಕಡಿಮೆ ಬಿಸಿಯಲ್ಲಿ ಸಾರ ತೆಗೆದರು. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ತಮ್ಮ ಮೇಲೇ ಪರೀಕ್ಷೆ. ಮಲೇರಿಯಾಗೆ ಮದ್ದು ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ನಮ್ಮ ಸರ್ಪಗಂಧಿಯದೂ ಇದೇ ಕತೆ. ಅದು ಬಿಪಿ ಇಳಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದರು. 1952ರಲ್ಲಿ ಬೇರೆ ವಿಜ್ಞಾನಿಗಳು ಅದರ ಬೇರಿನಿಂದ ಬಿಪಿ ಇಳಿಸುವ ರಿಸರ್ಪಿನ್ ಎಂಬ ಅಂಶ ಬೇರ್ಪಡಿಸಿದರು. ಡೋಸ್ ಜಾಸ್ತಿಯಾದರೆ ತೊಂದರೆ ಅನ್ನುವುದೂ ಗೊತ್ತಾಯಿತು.

ಇಷ್ಟು ಹೇಳುವಷ್ಟರಲ್ಲಿ ಮೇಷ್ಟ್ರಿಗೆ ಆಕಳಿಕೆ. "ಸುಮ್ನೆ ಡೋಸು ಗೀಸು ಅಂತೀರಲ್ಲ. ನ್ಯಾಚುರಲ್ ಕಣ್ರೀ, ಸೈಡ್ ಎಫೆಕ್ಟೇ ಇಲ್ಲ."

"ಕಣಗಿಲೆನೂ ನ್ಯಾಚುರಲ್ಲೇ ಮೇಷ್ಟ್ರೇ. ಹೃದಯಾನೇ ನಿಲ್ಲಿಸಿಬಿಡುತ್ತೆ" ಎಂದೆ.

ಮೇಷ್ಟ್ರ ಆಕಳಿಕೆ ಅರ್ಧಕ್ಕೇ ನಿಂತಿತು. ಮೊಬೈಲ್ ತೆಗೆದು ಕನ್ನಡಕ ಏರಿಸಿದರು.

"ಹಾರ್ಟಿಗಾ? ದಿನಕ್ಕೆ ಎಷ್ಟು ಎಲೆ ಹೇಳಿ, ಗ್ರೂಪಿಗೆ ಹಾಕ್ತೀನಿ."